ಇಳಿಜಾರಿನಲ್ಲಿ ಸರಿ ಮಾಡಿದ ಪೆಟ್ರೋಲ್ ಮುಳ್ಳು

ಇದನ್ನು ಹೇಳುವುದನ್ನು ಬಹಳ ಕಾಲದಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಕೆಲಸದಲ್ಲಿದ್ದಾಗ, ಕೆಲಸ ಬಿಟ್ಟ ಮೇಲೆ ಹೇಳೋಣ ಎಂದುಕೊಂಡೆ. ಬಿಟ್ಟ ಮೇಲೆ, ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಆಮೇಲೆ ಹೆಂಡತಿ ಇರುವವರೆಗೆ ಬೇಡ, ಅವಳು ನನ್ನನ್ನು ಒಳ್ಳೆಯವನೆಂದು ತಿಳಿದುಕೊಂಡೇ ಹೋಗಲಿ ಎಂದುಕೊಂಡೆ. ಅವಳು ಹಾಗೆಯೇ ತಿಳಿದುಕೊಂಡು ಹೋದಳು. ಈಗ ನೆಪಗಳು ಮುಗಿದಿವೆ.

ಕೊಡಗು ಇನ್ನೂ ತನ್ನದೇ ಬೇರೆ ರಾಜ್ಯವಾಗಿದ್ದ ಕಾಲ. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಚಹಾದ ಅಂಗಡಿಗಳಲ್ಲಿ ಜಗಳವಾಗುತ್ತಿತ್ತು. ನಮ್ಮ ತಂದೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರು. ಮನೆಯಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಆ ಒಂದು ಕಾರಣಕ್ಕೆ ನನಗೆ ಮಾದಾಪುರದ ಮೇಲಿನ ಒಂದು ಕಾಫಿ ಎಸ್ಟೇಟಿನಲ್ಲಿ ಸಣ್ಣ ರೈಟರ್ ಕೆಲಸ ಸಿಕ್ಕಿತು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಸಂಜೆ ಕೊಯ್ದ ಕಾಫಿ ಹಣ್ಣು ಅಳೆಸುವುದು, ಮಧ್ಯೆ ದೊಡ್ಡ ರೈಟರ್ ಹೇಳಿದ್ದನ್ನೆಲ್ಲ ಮಾಡುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದ ನನಗೆ ಇದೇನೂ ಸಣ್ಣದಾಗಿ ಕಾಣುತ್ತಿರಲಿಲ್ಲ. ಅಂಗಿಯ ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡು ತೋಟದ ದಾರಿಯಲ್ಲಿ ನಡೆಯುವಾಗ ಹೆಂಗಸರು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅದು ನನಗೆ ಬಹಳ ಇಷ್ಟವಾಗುತ್ತಿತ್ತು.

ಎಸ್ಟೇಟಿನ ಸಾಹುಕಾರರ ಬಳಿ ಒಂದು ಜೀಪು ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದಾಗ ಕೊಂಡದ್ದು. ಅದರ ಬ್ಯಾಟರಿ ಮುದಿಯಾಗಿತ್ತು, ಸ್ವಿಚ್ಚು ಒತ್ತಿದರೆ ನರಳಿ ಸುಮ್ಮನಾಗುತ್ತಿತ್ತು. ಆದ್ದರಿಂದ ಅದನ್ನು ಯಾವಾಗಲೂ ಶೆಡ್ಡಿನ ಮುಂದಿನ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದರು. ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದರೆ ತಾನೇ ಉರುಳಿ, ಗೇರು ಹಾಕಿ ಕ್ಲಚ್ಚು ಬಿಟ್ಟಾಗ ಸ್ಟಾರ್ಟ್ ಆಗುತ್ತಿತ್ತು. ನಮ್ಮ ಸುತ್ತಲಿನ ತೋಟಗಳ ಹಳೆಯ ವಾಹನಗಳೆಲ್ಲ ಹೀಗೆಯೇ ಇಳಿಜಾರು ನೋಡಿಕೊಂಡು ನಿಲ್ಲುತ್ತಿದ್ದವು.

ಅದನ್ನು ಓಡಿಸುತ್ತಿದ್ದವನು ಮಲಯಾಳಿ ಡ್ರೈವರ್. ನನಗಿಂತ ಹತ್ತು ವರ್ಷ ದೊಡ್ಡವನು, ಯುದ್ಧದಲ್ಲಿ ಲಾರಿ ಓಡಿಸಿದವನು, ಸದಾ ತಮಾಷೆಯ ಮನುಷ್ಯ. ಜೀಪಿನ ಪೆಟ್ರೋಲ್ ಮೀಟರು ಅವನು ಬರುವ ಮೊದಲೇ ಕೆಟ್ಟಿತ್ತು. ಮುಳ್ಳು ಸೊನ್ನೆಯಲ್ಲಿ ಮಲಗಿದ್ದು ಏಳುತ್ತಲೇ ಇರಲಿಲ್ಲ. ಅವನು ಅದರ ಕಡೆ ನೋಡುತ್ತಲೂ ಇರಲಿಲ್ಲ. ಕಾಫಿ ಗಿಡದ ಒಂದು ನೇರ ಕೋಲಿಗೆ ಗ್ಯಾಲನ್ನಿಗೊಂದರಂತೆ ಗೀರು ಹಾಕಿ ಸೀಟಿನ ಹಿಂದೆ ಇಟ್ಟುಕೊಂಡಿದ್ದ. ತೋಟದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ ತೊರೆಯ ಸೇತುವೆಯ ಮೇಲೆ ರಸ್ತೆ ಸಮವಾಗಿದೆ. ಅಲ್ಲಿಗೆ ಬಂದಾಗ ಮಾತ್ರ ಜೀಪು ನಿಲ್ಲಿಸಿ, ಕೋಲನ್ನು ಟ್ಯಾಂಕಿಗೆ ಅದ್ದಿ, ಒದ್ದೆಯಾದ ಗೀರನ್ನು ನೋಡುತ್ತಿದ್ದ. ಬೇರೆಲ್ಲೂ ಅದ್ದುತ್ತಿರಲಿಲ್ಲ.

ಅವನ ಹೆಂಡತಿ ನಮ್ಮ ತೋಟದಲ್ಲೇ ಹಣ್ಣು ಕೊಯ್ಯುತ್ತಿದ್ದಳು. ಬಿಟ್ಟಂಗಾಲದ ಕಡೆಯವಳು. ಅವಳು ಚಿಕ್ಕವಳಿದ್ದಾಗ ಅವಳ ಅಪ್ಪನನ್ನು ಕಾಫಿ ಕದ್ದನೆಂದು ಒಂದು ತೋಟದಿಂದ ಹೊರಗೆ ಹಾಕಿದ್ದರಂತೆ. ಆಳುಗಳ ಲೈನುಮನೆಗಳ ಸಾಲಿನ ಮುಂದೆ ಎಲ್ಲರೂ ನೋಡುತ್ತಿರುವಾಗ ಪಾತ್ರೆ ಪಡಗ ಹೊತ್ತು ನಡೆದದ್ದು ಅವಳಿಗೆ ನೆನಪಿತ್ತು. ಡ್ರೈವರನೇ ಒಮ್ಮೆ ನಗುತ್ತ ಹೇಳಿದ್ದ: "ನನ್ನ ಮನೆಯವಳ ಹತ್ರ ಬಹಳ ಕಷ್ಟ ಉಂಟು ರೈಟ್ರೇ. ದಾರಿಯಲ್ಲಿ ಬಿದ್ದ ಕಾಡುಮಾವು ಹೆಕ್ಕಿ ತಂದ್ರೂ ಯಾರದ್ದು ಅಂತ ಕೇಳ್ತಾಳೆ. ಕುಡಿದು ಬಾ, ಜಗಳ ಮಾಡು, ಎಲ್ಲ ಸಹಿಸ್ತೇನೆ, ಕಳ್ಳನ ಜೊತೆ ಮಾತ್ರ ಒಂದು ದಿನ ಇರುದಿಲ್ಲ ಅಂತ ಮದುವೆಗೆ ಮುಂಚೆಯೇ ಹೇಳಿದವಳು. ನಾನು ಎಂತ ಹೇಳ್ಲಿ? ಕದಿಯಲಿಕ್ಕೆ ಈ ಜೀಪಿನಲ್ಲಿ ಒಂದು ಗಟ್ಟಿ ನಟ್ಟಾದ್ರೂ ಉಂಟಾ ಅಂತ ಕೇಳಿದೆ."

ಒಂದು ದಿನ ಸಾಹುಕಾರರು ಮಡಿಕೇರಿಯಿಂದ ಬರುವಾಗ ಡ್ರೈವರು ಸೇತುವೆಯ ಮೇಲೆ ಜೀಪು ನಿಲ್ಲಿಸಿ ಕೋಲು ಅದ್ದಿದ್ದು ಜೊತೆಯಲ್ಲಿದ್ದ ಅತಿಥಿಗಳ ಕಣ್ಣಿಗೆ ಬಿತ್ತು. ಅವರು ನಕ್ಕರಂತೆ. ಮರುದಿನ ಸಾಹುಕಾರರು ಆಫೀಸಿಗೆ ಬಂದು ಮೈಸೂರಿನಿಂದ ಮೆಕ್ಯಾನಿಕ್ ಕರೆಸಬೇಕೆಂದರು. ನಾನು ಎದ್ದು ನಿಂತು, "ನಾನು ಒಮ್ಮೆ ನೋಡ್ತೀನಿ ಸಾರ್" ಎಂದೆ. ಹೈಸ್ಕೂಲಿನಲ್ಲಿ ತೇಲುವ ವಸ್ತುಗಳ ಪಾಠ ನನಗೆ ಬಾಯಿಪಾಠವಿತ್ತು.

ಮುಂದಿನ ಭಾನುವಾರ ನಾನೂ ಡ್ರೈವರೂ ಸೀಟು ಎತ್ತಿ, ಟ್ಯಾಂಕಿನ ಮೇಲಿನ ಐದು ಸ್ಕ್ರೂ ತೆಗೆದೆವು. ಒಳಗಿನಿಂದ ಒಂದು ಉದ್ದನೆಯ ತಂತಿ ಬಂತು. ಅದರ ತುದಿಯಲ್ಲಿ ಬೆಂಡಿನ ಗುಂಡು. ಪೆಟ್ರೋಲಿನ ಜೊತೆ ಏರಿಳಿದು ಮುಳ್ಳನ್ನು ಆಡಿಸಬೇಕಾದದ್ದು ಅದೇ. ಅದು ವರ್ಷಗಟ್ಟಲೆ ಪೆಟ್ರೋಲು ಕುಡಿದು ಕಲ್ಲಿನಂತೆ ಭಾರವಾಗಿ ತಳ ಸೇರಿತ್ತು. ನಾನು ಸಾಹುಕಾರರ ಬಂಗಲೆಯ ಅಡುಗೆಯವನಿಂದ ಬ್ರಾಂದಿ ಬಾಟಲಿಯ ಬೆಂಡುಗಳನ್ನು ಇಸಿದುಕೊಂಡು, ಮೂರನ್ನು ಜೋಡಿಸಿ, ಬಡಗಿಯ ಬಳಿ ಅರಗಿನ ಪಾಲಿಶು ತಂದು ಮೂರು ಸಲ ಬಳಿದು ಒಣಗಿಸಿದೆ. ತಂತಿಗೆ ಕಟ್ಟಿ ಬಕೆಟ್ಟಿನ ನೀರಿನಲ್ಲಿ ಬಿಟ್ಟರೆ ಬಾತಿನಂತೆ ತೇಲಿತು. ಇಷ್ಟರವರೆಗೆ ನಾನು ಮಾಡಿದ್ದೆಲ್ಲ ಸರಿಯಾಗಿತ್ತು.

ಉಳಿದದ್ದು ಅಳತೆ ಹೊಂದಿಸುವುದು. ಹತ್ತು ಗ್ಯಾಲನ್ನಿನ ಟ್ಯಾಂಕಿಗೆ ಐದು ಗ್ಯಾಲನ್ ಹಾಕಿ, ಮುಳ್ಳು ಅರ್ಧಕ್ಕೆ ಬರುವಂತೆ ತಂತಿ ಬಗ್ಗಿಸಬೇಕು.

"ಕಣಕ್ಕೆ ತೆಗೊಂಡು ಹೋಗುವ ರೈಟ್ರೇ" ಎಂದ ಡ್ರೈವರು. "ಇಲ್ಲಿ ಇಳಿಜಾರು ಉಂಟು. ಇಲ್ಲಿ ನೋಡಿದ್ರೆ ಲೆಕ್ಕ ಸಿಕ್ಕುದಿಲ್ಲ."

ಇಡೀ ಎಸ್ಟೇಟಿನಲ್ಲಿ ಸಮತಟ್ಟಾದ ಜಾಗ ಅಂದರೆ ಕಾಫಿ ಒಣಗಿಸುವ ಕಣ ಒಂದೇ. ಅದು ಕೊಯ್ಲಿನ ಕಾಲ. ಕಣದ ತುಂಬ ಕಾಫಿ ಹರಡಿತ್ತು. ಅದನ್ನು ಬಾಚಿ ಜಾಗ ಮಾಡಬೇಕೆಂದರೆ ದೊಡ್ಡ ರೈಟರನ್ನು ಕೇಳಬೇಕು. ಸೇತುವೆಗೆ ಹೋಗಬಹುದಿತ್ತು. ಆದರೆ ಅಲ್ಲಿಗೆ ಹೋಗುವುದೆಂದರೆ ಅವನ ಕೋಲಿನ ಜಾಗಕ್ಕೆ ಹೋಗುವುದು. ಶೆಡ್ಡಿನ ಸುತ್ತ ಹತ್ತಾರು ಮಂದಿ ನಿಂತು ನೋಡುತ್ತಿದ್ದರು.

"ನೀನು ಎಷ್ಟನೇ ಕ್ಲಾಸು ಓದಿದ್ದೀಯಪ್ಪ?" ಎಂದೆ.

ಜನ ನಕ್ಕರು. ಅವನೂ ನಕ್ಕ. "ನಾನು ಸ್ಕೂಲಿಗೆ ಹೋದದ್ದು ಉಂಟು, ಮೇಷ್ಟ್ರು ಅದನ್ನು ಕ್ಲಾಸಂತ ಒಪ್ಪಲಿಲ್ಲ" ಎಂದ. ನಾನು ಅಲ್ಲೇ, ಜೀಪು ಮೂತಿ ಕೆಳಗೆ ಮಾಡಿ ನಿಂತಲ್ಲೇ, ಮುಳ್ಳು ಅರ್ಧಕ್ಕೆ ಬರುವವರೆಗೆ ತಂತಿ ಬಗ್ಗಿಸಿ ಸ್ಕ್ರೂ ಬಿಗಿದೆ.

ಆ ಬೆಂಡು ಇದ್ದದ್ದು ಟ್ಯಾಂಕಿನ ಹಿಂಬದಿಯಲ್ಲಿ. ಜೀಪು ಮೂತಿ ಕೆಳಗೆ ಮಾಡಿ ನಿಂತಾಗ ಪೆಟ್ರೋಲೆಲ್ಲ ಮುಂದಕ್ಕೆ ಹರಿದು, ಹಿಂದೆ ಸ್ವಲ್ಪವೇ ಉಳಿದಿತ್ತು. ಆ ಸ್ವಲ್ಪವನ್ನು ನಾನು ಅರ್ಧ ಎಂದು ಮುಳ್ಳಿಗೆ ಕಲಿಸಿಕೊಟ್ಟೆ. ಇನ್ನು ರಸ್ತೆ ಸಮವಾದರೆ ಅದು ಅರ್ಧಕ್ಕಿಂತ ಹೆಚ್ಚು ಹೇಳಬೇಕು, ಏರು ಹತ್ತಿದರೆ ಮುಕ್ಕಾಲಿಗೂ ಹೆಚ್ಚು ಹೇಳಬೇಕು. ಇದು ನನಗೆ ಆವತ್ತು ಹೊಳೆಯಲಿಲ್ಲ. ಹೊಳೆಯದಿದ್ದದ್ದು ತಪ್ಪು, ಆದರೆ ಪಾಪವಲ್ಲ. ಪಾಪ ಮುಂದಿದೆ.

ಸಾಹುಕಾರರು ಬಂದು ಮುಳ್ಳು ನೋಡಿ ನನ್ನ ಬೆನ್ನು ತಟ್ಟಿದರು. ಸೀಟಿನ ಹಿಂದಿನ ಕೋಲನ್ನು ತಾವೇ ಎಳೆದು ನನ್ನ ಕೈಗೆ ಕೊಟ್ಟು, "ಇದನ್ನು ಒಲೆಗೆ ಹಾಕು" ಎಂದರು. ನಾನು ಒಲೆಗೆ ಹಾಕಲಿಲ್ಲ, ಆಫೀಸಿನ ಕಿಟಕಿಯ ಬಾಗಿಲು ಬಡಿಯದಂತೆ ಅದನ್ನು ಊರೆ ಕೊಟ್ಟೆ. ಆ ವಾರ ಬಂಗಲೆಗೆ ಬಂದ ಅತಿಥಿಗಳಿಗೆಲ್ಲ ಅವರು ನನ್ನನ್ನು ಕರೆದು ತೋರಿಸಿದರು. "ನಮ್ಮ ರೈಟರ್. ಮೈಸೂರಿನ ಮೆಕ್ಯಾನಿಕ್ ಎಂತಕ್ಕೆ ಬೇಕು ಹೇಳಿ?" ಒಬ್ಬರು ನನ್ನ ಕೈ ಕುಲುಕಿದರು. ನಮ್ಮ ವಂಶದಲ್ಲಿ ಯಾರ ಕೈಯನ್ನೂ ಯಾರೂ ಹಾಗೆ ಕುಲುಕಿರಲಿಲ್ಲ.

ಹತ್ತು ದಿನ ಕಳೆದಿರಬೇಕು, ಟಪಾಲು ತರಲು ಡ್ರೈವರನ ಜೊತೆ ಮಾದಾಪುರಕ್ಕೆ ಹೊರಟೆ. ತೋಟದಿಂದ ಇಳಿಯುವಾಗ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಸೇತುವೆ ದಾಟಿ ಏರು ಹತ್ತಿದಾಗ ಅದು ನನ್ನ ಕಣ್ಣೆದುರಿಗೇ ಎದ್ದು ಮುಕ್ಕಾಲಿನ ಹತ್ತಿರ ಹೋಯಿತು. ನಾನು ಬಗ್ಗಿ ಮೀಟರಿನ ಗಾಜನ್ನು ತಟ್ಟಿದೆ. ಡ್ರೈವರು ನನ್ನ ಮುಖವನ್ನೇ ನೋಡುತ್ತಿದ್ದ.

"ಮೊದಲ ದಿನವೇ ಕಂಡಿದ್ದೆ" ಎಂದ. "ಏರಿಗೆ ಒಂದು ಮಾತು, ಇಳಿಜಾರಿಗೆ ಒಂದು ಮಾತು. ಎಲೆಕ್ಷನ್‌ಗೆ ನಿಂತವರ ಹಾಗೆ ಉಂಟು ನಿಮ್ಮ ಮುಳ್ಳು."

ನಾನು ನಗಲಿಲ್ಲ. ಅವನು ದನಿ ತಗ್ಗಿಸಿದ. "ಬೇಜಾರು ಮಾಡ್ಬೇಡಿ ರೈಟ್ರೇ. ಭಾನುವಾರ ಸೇತುವೆ ಹತ್ರ ನಾವಿಬ್ರೇ ಬಿಚ್ಚಿ ಸರಿ ಮಾಡುವ. ಸಾಹುಕಾರ್ರಿಗೆ ಗೊತ್ತಾಗುದು ಬೇಡ. ಅಷ್ಟರವರೆಗೆ ನನ್ನ ಕೋಲು ಕೊಡಿ."

"ಭಾನುವಾರ ನೋಡೋಣ" ಎಂದೆ. ಕೋಲು ಆಫೀಸಿನ ಕಿಟಕಿಯಲ್ಲೇ ಉಳಿಯಿತು.

ಭಾನುವಾರ ಬಂತು. ಸೇತುವೆಯ ಮೇಲೆ ಭಾನುವಾರ ಸಂತೆಗೆ ಹೋಗುವ ನಮ್ಮದೇ ಲೈನಿನ ಜನ. ಅವರೆದುರು ಸೀಟು ಎತ್ತಿ ಕೂತರೆ ರೈಟರ್ ಮಾಡಿದ್ದು ಕೆಟ್ಟಿತು ಎಂದು ಮಧ್ಯಾಹ್ನದೊಳಗೆ ತೋಟಕ್ಕೆಲ್ಲ ಗೊತ್ತಾಗುತ್ತದೆ. ತಲೆನೋವೆಂದು ಹೇಳಿ ಕಳಿಸಿದೆ. ಅದರ ಮುಂದಿನ ಭಾನುವಾರ ಕುಶಾಲನಗರಕ್ಕೆ ಮನೆಗೆ ಹೋದೆ.

ಆ ಹೊತ್ತಿಗೆ ಸಾಹುಕಾರರಿಗೆ ಅನುಮಾನ ಶುರುವಾಗಿತ್ತು. ಬಂಗಲೆಯ ಮುಂದಿನ ದಾರಿ ಏರು. ಅವರು ಸಂಜೆ ಅಲ್ಲಿ ಜೀಪಿನಿಂದ ಇಳಿಯುವಾಗ ಮುಳ್ಳು ಯಾವಾಗಲೂ ತುಂಬಿಕೊಂಡು ಕಾಣುತ್ತಿತ್ತು. ಆದರೂ ಪೆಟ್ರೋಲು ಅವರು ಎಣಿಸಿದ್ದಕ್ಕಿಂತ ಬೇಗ ಮುಗಿಯುತ್ತಿತ್ತು. ಒಂದು ಬೆಳಿಗ್ಗೆ, ನಾನು ಶೆಡ್ಡಿನ ಹತ್ತಿರ ಹಾಜರಿ ಕೂಗುತ್ತಿದ್ದಾಗ, ಆ ಹೊತ್ತಿಗೆ ಎಂದೂ ಅತ್ತ ಬಾರದವರು ನಡೆದುಕೊಂಡು ಬಂದರು. ಜೀಪು ಎಂದಿನಂತೆ ಮೂತಿ ಕೆಳಗೆ ಮಾಡಿ ನಿಂತಿತ್ತು. ಬಗ್ಗಿ ಒಳಗೆ ನೋಡಿದರು.

"ನಿನ್ನೆ ಸಂಜೆ ಮುಕ್ಕಾಲು ಇತ್ತು" ಎಂದರು ಡ್ರೈವರಿಗೆ. "ಈಗ ಅರ್ಧಕ್ಕೂ ಕಮ್ಮಿ. ಎಲ್ಲಿ ಹೋಯ್ತು?"

"ಎಲ್ಲಿಗೂ ಹೋಗಲಿಲ್ಲ ಸಾರ್. ನಿನ್ನೆ ಅಲ್ಲಿ ಏರು, ಇಲ್ಲಿ ಇಳಿಜಾರು. ಮುಳ್ಳು ಹಾಗೆ ತೋರಿಸ್ತದೆ."

"ಪೆಟ್ರೋಲು ಏರಿನಲ್ಲಿ ಹೆಚ್ಚಾಗಿ ಇಳಿಜಾರಿನಲ್ಲಿ ಕಮ್ಮಿ ಆಗ್ತದಾ? ನನಗೆ ಎಂತ, ಕಿವಿಗೆ ಹೂ ಇಡ್ತಿಯಾ?"

"ಕಣಕ್ಕೆ ತೆಗೊಂಡು ಹೋಗಿ ನೋಡುವ ಸಾರ್. ಈಗಲೇ."

"ನಿನ್ನ ಕಳ್ಳತನಕ್ಕೆ ನಾನು ಕಣದ ಕಾಫಿ ಬಾಚಿಸಬೇಕಾ?"

"ಇಲ್ಲದಿದ್ರೆ ಇಲ್ಲೇ ತಿರುಗಿಸಿ ನಿಲ್ಲಿಸ್ತೇನೆ, ಮುಳ್ಳು ನೋಡಿ."

"ಇನ್ನು ನೀನು ಅದಕ್ಕೆ ಕೈ ಹಾಕಬೇಡ." ಸಾಹುಕಾರರು ನನ್ನ ಕಡೆ ತಿರುಗಿದರು. "ರೈಟರೇ, ಮೀಟರು ರಿಪೇರಿ ಮಾಡಿದ್ದು ನೀನು. ಅದು ಸರಿ ಉಂಟಾ ಇಲ್ವಾ? ಒಂದೇ ಮಾತು."

ಹಾಜರಿಗೆ ನಿಂತ ಅರುವತ್ತು ಎಪ್ಪತ್ತು ಜನ ನನ್ನನ್ನು ನೋಡುತ್ತಿದ್ದರು. ಡ್ರೈವರ್ ನನ್ನನ್ನು ನೋಡಿ ಸ್ವಲ್ಪ ತಲೆಯಾಡಿಸಿದ, ಹೆದರಬೇಡಿ, ಹೇಳಿ ಎನ್ನುವಂತೆ. ಅವನಿಗೆ ನನ್ನ ಮೇಲೆ ಅಷ್ಟು ನಂಬಿಕೆಯಿತ್ತು. ಹೆಂಗಸರ ಸಾಲಿನಲ್ಲಿ ಅವನ ಹೆಂಡತಿ ಬುಟ್ಟಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

"ಸರಿ ಇದೆ ಸಾರ್" ಎಂದೆ.

ಅಷ್ಟು ಸಾಕಾಯಿತು. ಯಾರೂ ಜೀಪು ತಿರುಗಿಸಿ ನೋಡಲಿಲ್ಲ. ಸಂಜೆಯೊಳಗೆ ಲೈನುಮನೆ ಬಿಟ್ಟು ಹೋಗಬೇಕೆಂದು ಹೇಳಿ ಸಾಹುಕಾರರು ಹೊರಟುಹೋದರು. ಡ್ರೈವರ್ ನನ್ನನ್ನು ಬೈಯಲಿಲ್ಲ. ಜೀಪಿನ ಮೇಲಿದ್ದ ತನ್ನ ಟವೆಲ್ ತೆಗೆದು ಕೊಡವಿ ಹೆಗಲ ಮೇಲೆ ಹಾಕಿಕೊಂಡ. "ಚೆನ್ನಾಗಿ ರಿಪೇರಿ ಮಾಡಿದ್ರಿ ರೈಟ್ರೇ" ಎಂದು ಮಾತ್ರ ಹೇಳಿದ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬೇರೆ ಯಾವ ಸಣ್ಣತನದ ಜೊತೆಗೋ ಸೇರಿಸಿ ಮರೆಯುತ್ತಿದ್ದೆನೇನೋ. ಮಧ್ಯಾಹ್ನ ಅವಳು ಆಫೀಸಿಗೆ ಬಂದಳು. ಒಳಗೆ ಬರಲಿಲ್ಲ. ಕಿಟಕಿಯ ಹೊರಗೆ, ಆ ಕೋಲು ಊರೆ ಕೊಟ್ಟಿದ್ದ ಕಿಟಕಿಯ ಹೊರಗೆ, ನಿಂತಳು. ದೊಡ್ಡ ರೈಟರ್ ಊಟಕ್ಕೆ ಹೋಗಿದ್ದರು. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಬೆಳಿಗ್ಗೆ ಜನರಿದ್ದರು ಎಂಬ ನೆಪ ನನಗಿತ್ತು, ಮಧ್ಯಾಹ್ನ ಆ ನೆಪವೂ ಇರಲಿಲ್ಲ.

"ರೈಟ್ರೇ, ಬೆಳಿಗ್ಗೆ ಸಾಹುಕಾರ್ರು ಕೇಳಿದ್ರು, ನೀವು ಹೇಳಿದ್ರಿ. ಅದು ಬೇರೆ" ಎಂದಳು. "ಈಗ ನಾನು ಕೇಳ್ತೇನೆ. ನಮ್ಮ ಮನೆಯವರು ನನ್ನ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ್ದಾರೆ, ಮುಳ್ಳು ಸುಳ್ಳು ಹೇಳ್ತದೆ ಅಂತ. ನನ್ನ ಅಪ್ಪನೂ ಅಮ್ಮನ ತಲೆ ಮೇಲೆ ಕೈ ಇಟ್ಟಿದ್ರು. ಆಣೆ ನನಗೆ ಬೇಡ. ನೀವು ಕಲಿತವರು, ಅದನ್ನು ಬಿಚ್ಚಿ ನೋಡಿದವರು. ನೀವು ಹೇಳಿದ್ರೆ ನಂಬ್ತೇನೆ. ಮುಳ್ಳು ಸರಿ ಉಂಟಾ?"

ನಾನು ಅವಳ ಕೈ ನೋಡಿದೆ. ಹಣ್ಣಿನ ಅಂಟಿಗೆ ಬೆರಳುಗಳು ಕಪ್ಪಾಗಿದ್ದವು. ನಾನು ನಿಜ ಹೇಳಿದರೆ ಅವಳು ನೇರ ಬಂಗಲೆಗೆ ಹೋಗುತ್ತಾಳೆ ಎಂದು ಯೋಚಿಸಿದೆ. ಕೈ ಕುಲುಕಿದ ಅತಿಥಿಯ ಮುಖ ನೆನಪಾಯಿತು. ಇಷ್ಟೇ ಯೋಚಿಸಿದ್ದು. ಅವಳ ವಿಷಯ ಯೋಚಿಸಲೇ ಇಲ್ಲ.

"ಸರಿ ಇದೆಯಮ್ಮ" ಎಂದೆ. ಅವಳು ಇನ್ನೂ ನಿಂತೇ ಇದ್ದದ್ದನ್ನು ಕಂಡು, "ಯಂತ್ರ ಸುಳ್ಳು ಹೇಳಲ್ಲ" ಎಂದೂ ಸೇರಿಸಿದೆ.

ಸಂಜೆ ಅವರಿಬ್ಬರೂ ಹೋದರು. ಗೇಟಿನವರೆಗೆ ಒಟ್ಟಿಗೆ ನಡೆದರು, ಅವಳು ನಾಲ್ಕು ಹೆಜ್ಜೆ ಮುಂದೆ. ಗೇಟು ದಾಟಿದ ಮೇಲೆ ಅವಳು ಮಡಿಕೇರಿಯ ಬಸ್ಸು ಬರುವ ಕಡೆ ಹೋಗಿ ನಿಂತಳು, ತಾಯಿಯ ಮನೆಗೆ. ಅವನು ಅವಳ ಹತ್ತಿರ ಹೋಗಿ ಏನೋ ಹೇಳಿದ. ಅವಳು ತಲೆ ಎತ್ತಲಿಲ್ಲ. ಅವನು ಟ್ರಂಕನ್ನು ಅವಳ ಪಕ್ಕದಲ್ಲಿಟ್ಟು ತಾನು ಬರಿಗೈಯಲ್ಲಿ ಬೇರೆ ದಾರಿ ಹಿಡಿದ.

ಹೊಸ ಡ್ರೈವರ್ ಬಂದ. ಎರಡು ವಾರದೊಳಗೆ, ಸಾಹುಕಾರರನ್ನೇ ಕೂರಿಸಿಕೊಂಡು ಏರು ಹತ್ತುವಾಗ, ಮುಳ್ಳು ಕಾಲು ಭಾಗ ತೋರಿಸುತ್ತಿದ್ದಂತೆಯೇ ಪೆಟ್ರೋಲು ಮುಗಿದು ಜೀಪು ನಿಂತಿತು. ಅವರು ನಡೆದುಕೊಂಡು ಬಂದರು. ಆಫೀಸಿನ ಬಾಗಿಲಲ್ಲಿ ನಿಂತು ಬೂಟಿನ ಧೂಳು ಕೊಡವಿದರು. ಆಮೇಲೆ, "ಆ ಕೋಲು ಉಂಟಾ?" ಎಂದು ಕೇಳಿದರು. ನಾನು ಕಿಟಕಿಯಿಂದ ತೆಗೆದು ಕೊಟ್ಟೆ. ಮತ್ತೆ ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಳೆಯ ಡ್ರೈವರನ್ನು ವಾಪಸು ಕರೆಸಿದರೆ ಅವರ ತಪ್ಪೂ ಹೊರಗೆ ಬರುತ್ತಿತ್ತು. ಮರುವರ್ಷ ನನ್ನನ್ನು ದೊಡ್ಡ ರೈಟರ್ ಮಾಡಿದರು. ಅದು ಕೆಲಸಕ್ಕೆ ಸಿಕ್ಕ ಬಡ್ತಿಯೋ, ಬಾಯಿಗೆ ಹಾಕಿದ ಬೀಗವೋ, ನಾನು ಕೇಳಲಿಲ್ಲ.

ಡ್ರೈವರನ್ನು ಮತ್ತೆ ನೋಡಿದ್ದು ಎಷ್ಟೋ ವರ್ಷ ಕಳೆದ ಮೇಲೆ, ನಾಪೋಕ್ಲಿನಲ್ಲಿ. ಆಳುಗಳಿಗೆ ಹಂಚುವ ಭತ್ತ ಕೊಳ್ಳಲು ಹೋಗಿದ್ದೆ. ಅವನು ಭತ್ತದ ವ್ಯಾಪಾರಿಯೊಬ್ಬರ ಲಾರಿ ಓಡಿಸುತ್ತಿದ್ದ. ತಲೆ ನರೆತಿತ್ತು. ನನ್ನನ್ನು ಕಂಡು, "ಓ, ರೈಟ್ರು. ಈಗ ಯಾರ ಮೀಟರ್ ಬಿಚ್ಚಲಿಕ್ಕೆ ಬಂದದ್ದು?" ಎಂದ. ನಾನು ಅವನನ್ನು ಲಾರಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ನಿಂತಲ್ಲೇ ಎಲ್ಲ ಹೇಳಿ, ತಪ್ಪಾಯಿತು ಎಂದೆ. ಕಾಲಿಗೆ ಬಗ್ಗಿದೆ. ಅವನು ಭುಜ ಹಿಡಿದು ಎತ್ತಿದ. ಪ್ರೀತಿಯಿಂದಲ್ಲ, ಜನ ನೋಡುತ್ತಾರೆಂದು.

"ನನಗೆ ಗೊತ್ತಿದ್ದದ್ದನ್ನೇ ನನಗೆ ಹೇಳಿ ಎಂತ ಪ್ರಯೋಜನ ರೈಟ್ರೇ?" ಎಂದ. "ಕಳ್ಳ ಅಲ್ಲ ಅಂತ ನನಗೆ ಆವತ್ತೇ ಗೊತ್ತುಂಟು. ಮೂರು ಸಲ ಹೋದೆ ಅವಳ ಹತ್ರ. ರೈಟ್ರು ಸುಳ್ಳು ಹೇಳ್ತಾರಾ ಅಂತ ಕೇಳ್ತಾಳೆ. ನಾನು ಎಂತ ಹೇಳಿದ್ರೂ ಅದೊಂದೇ. ಅವಳಿಗೆ ಹೇಳಿ. ಬಿಟ್ಟಂಗಾಲಕ್ಕೆ ಬಸ್ಸು ಉಂಟು."

ಹೋಗುತ್ತೇನೆ ಎಂದೆ. ಹೋಗಲು ನನಗೆ ಮತ್ತೊಂದು ವರ್ಷ ಬೇಕಾಯಿತು.

ಅವಳು ಬಿಟ್ಟಂಗಾಲದ ಒಂದು ತೋಟದಲ್ಲಿ ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿದ್ದಳು. ನಾನು ತೋಟದ ಗೇಟಿನ ಹತ್ತಿರ ನಿಂತಿದ್ದಾಗ ಕೊಯ್ಲು ಮುಗಿಸಿದ ಗುಂಪು ಹೊರಗೆ ಬಂತು. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಕೂತು ಹತ್ತು ಸಲ ಹೊಂದಿಸಿಕೊಂಡಿದ್ದೆ. ಅವಳೇ ಮೊದಲು ಗುರುತು ಹಿಡಿದಳು.

"ಅಯ್ಯೋ, ರೈಟ್ರು! ಇಷ್ಟು ದೂರ? ಊಟ ಆಯ್ತಾ?" ಓಡಿಹೋಗಿ ಲೈನಿನಿಂದ ಚೆಂಬಿನಲ್ಲಿ ನೀರು, ಬೆಲ್ಲದ ತುಂಡು ತಂದಳು. ಸುತ್ತ ನಿಂತ ಹೆಂಗಸರಿಗೆ ನನ್ನನ್ನು ತೋರಿಸಿ ಹೇಳಿದಳು: "ನಾನು ಹೇಳ್ತಿದ್ದೆನಲ್ಲ, ಇವರೇ. ಇವರೊಬ್ರು ನಿಜ ಹೇಳದೆ ಇದ್ದಿದ್ರೆ ನಾನು ಇವತ್ತಿಗೂ ಕಳ್ಳನಿಗೆ ಅನ್ನ ಹಾಕ್ತಾ ಇರ್ತಿದ್ದೆ. ಅಮ್ಮನ ಹಾಗೆ."

ಹೆಂಗಸರು ನನ್ನನ್ನು ಗೌರವದಿಂದ ನೋಡಿದರು. ಒಬ್ಬ ಮುದುಕಿ ಕೈ ಮುಗಿದಳು. ನಾನು ನೀರು ಕುಡಿದೆ, ಬೆಲ್ಲ ತಿಂದೆ. ಕೊಯ್ಲಿಗೆ ಆಳುಗಳನ್ನು ಹುಡುಕಿಕೊಂಡು ಬಂದೆ ಎಂದು ಹೇಳಿದೆ. ಇಲ್ಲಿ ಯಾರೂ ಖಾಲಿ ಇಲ್ಲವೆಂದು ಅವಳು ಬಹಳ ನೊಂದುಕೊಂಡಳು. ಬಸ್ಸಿನವರೆಗೆ ಬಂದು ಹತ್ತಿಸಿದಳು. ಬಸ್ಸು ಬಿಡುವ ಮುಂಚೆ ಕಿಟಕಿಗೆ ಬಂದು, ಸಣ್ಣ ದನಿಯಲ್ಲಿ, "ಅವರನ್ನು ಎಲ್ಲಾದ್ರೂ ಕಂಡಿದ್ರಾ?" ಎಂದು ಕೇಳಿದಳು.

"ಇಲ್ಲ" ಎಂದೆ.

ಅದು ನಾನು ಅವಳಿಗೆ ಹೇಳಿದ ಕೊನೆಯ ಸುಳ್ಳು. ಮತ್ತೆ ಆ ದಾರಿಗೆ ಹೋಗಲಿಲ್ಲ. ಡ್ರೈವರ್ ಎರಡು ಮಳೆಗಾಲ ಕಳೆದು ನಾಪೋಕ್ಲಿನಲ್ಲೇ ತೀರಿಕೊಂಡನೆಂದು ಭತ್ತದ ವ್ಯಾಪಾರಿ ಹೇಳಿದರು. ಅವಳಿಗೆ ಸುದ್ದಿ ಹೋಯಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಅವಳು ಎಷ್ಟು ವರ್ಷ ಬದುಕಿದಳೆಂದೂ ತಿಳಿಯಲಿಲ್ಲ. ತಿಳಿದರೆ ಹೋಗಬೇಕಾಗುತ್ತದೆಂದು ಕೇಳಲಿಲ್ಲ.

ಡ್ರೈವರಿಗೆ ತಪ್ಪಾಯಿತೆಂದು ಹೇಳಿದ್ದೇನೆ. ಸಾಹುಕಾರರಿಗೆ ಹೇಳಬೇಕಾದದ್ದು ಏನೂ ಇರಲಿಲ್ಲ, ಅವರಿಗೆ ಗೊತ್ತಿತ್ತು. ದೇವರಿಗೆ ಎಷ್ಟೋ ಸಲ ಹೇಳಿದ್ದೇನೆ, ಅದು ಸುಲಭ. ಹೇಳದೆ ಉಳಿದದ್ದು ಒಬ್ಬಳಿಗೆ: ಮಾದಾಪುರದ ಮೇಲಿನ ತೋಟದಲ್ಲಿ ದಿನವೂ ಬೆಳಿಗ್ಗೆ ನಾನು ಹೆಸರು ಕೂಗಿದಾಗ ಹೆಂಗಸರ ಸಾಲಿನಿಂದ "ಉಂಟು ರೈಟ್ರೇ" ಎನ್ನುತ್ತಿದ್ದ, ಆ ಡ್ರೈವರನ ಹೆಂಡತಿಗೆ.